ಕೀ ಕೊಡುವ ಮುನ್ನ ಖಾತೆ ನೋಡಿ

(ಕನ್ನಡದ ಯುವಕರ ಕೂಟವೊಂದರಲ್ಲಿ ಬ್ಯಾಂಕ್ ನೌಕರರೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೈಕು ಸಿಕ್ಕಿತೆಂದು ಭಾಷಣ ಬಿಗಿಯುವ ಅಭ್ಯಾಸ ನನಗಿಲ್ಲ. ಬೆಂಗಳೂರಿನ ಒಂದು ಬ್ಯಾಂಕಿನ ಕೌಂಟರಿನ ಹಿಂದೆ 22 ವರ್ಷ ಕೂತವನು ನಾನು. ಗಾಜಿನ ಆಚೆ ನಿಂತು "ಸಾರ್, ನನ್ನ ದುಡ್ಡು ಹೋಯ್ತು" ಎಂದವರ ಮುಖಗಳನ್ನು ನೋಡಿ ನೋಡಿ ಸಾಕಾಗಿದೆ. ಹಾಗೆ ಬರುವವರೆಲ್ಲ ಪಿಂಚಣಿ ತೆಗೆದುಕೊಳ್ಳುವ ಅಜ್ಜ ಅಜ್ಜಿಯರು ಎಂದು ನೀವು ತಿಳಿದಿದ್ದರೆ ತಪ್ಪು. ಮೊಬೈಲಿನಲ್ಲೇ ಹುಟ್ಟಿ ಮೊಬೈಲಿನಲ್ಲೇ ಬೆಳೆದಂತೆ ಆಡುವ ನಿಮ್ಮಂಥ ಹುಡುಗರೂ ಬರುತ್ತಾರೆ. ಅವರು ಬಂದಾಗ ದನಿ ಇನ್ನೂ ಚಿಕ್ಕದಾಗಿರುತ್ತದೆ. ನಾಚಿಕೆ!

ಇವತ್ತಿನ ಮಾತು ಒಂದೇ ವಿಷಯದ ಮೇಲೆ. ನಿಮ್ಮ ಹಳೆಯ ಕಾರನ್ನು ನೀವೇ ಮಾರುವಾಗ ದುಡ್ಡು ಕೈತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ? ಬ್ರೋಕರನಿಗೆ ಕೊಟ್ಟರೆ ಅವನ ಕಮಿಷನ್ ಹೋಗುತ್ತದೆ, ಡೀಲರ್ ಹತ್ತಿರ ಹೋದರೆ ರೇಟು ಇಳಿಸುತ್ತಾನೆ. ಹಾಗಾಗಿ ನಾಲ್ಕು ಫೋಟೋ ತೆಗೆದು ಆ್ಯಪಿನಲ್ಲಿ ಜಾಹೀರಾತು ಹಾಕುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಫೋಟೋ ನೋಡುತ್ತಿರುವವರಲ್ಲಿ ಕಾರು ಬೇಕಾದವರು ಮಾತ್ರ ಇಲ್ಲ. ನಮ್ಮ ಮನೆಗಳಲ್ಲಿ ಕಾರು ಮಾರುವುದು ಶೋಕಿಗಲ್ಲ ಎಂಬುದು ಅವರಿಗೂ ಗೊತ್ತು. ತಂಗಿಯ ಮದುವೆ, ಅಪ್ಪನ ಆಸ್ಪತ್ರೆ ಬಿಲ್ಲು, ಸೈಟಿನ ಕಂತು ಏನೋ ಒಂದು ತಲೆ ಮೇಲೆ ಕೂತಿರುತ್ತದೆ. ತುರ್ತು ಇರುವವನನ್ನು ಮೋಸ ಮಾಡುವುದು ಸುಲಭ.

ನನ್ನ ಚಿಕ್ಕಪ್ಪನ ಮಗನ ಕಥೆ ಹೇಳುತ್ತೇನೆ. ಹೆಸರು ಬೇಡ, ಅವನು ಈಗಾಗಲೇ ಸಾಕಷ್ಟು ನೊಂದಿದ್ದಾನೆ. ಮನೆ ಕಾಮಾಕ್ಷಿಪಾಳ್ಯ, ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಚಿಕ್ಕಮ್ಮನ ಮಂಡಿ ಆಪರೇಷನ್ನಿಗೆಂದು ತನ್ನ ವ್ಯಾಗನ್ ಆರ್ ಮಾರಲು ಹೊರಟ. 2,80,000 ರೂಪಾಯಿ ಎಂದು ಜಾಹೀರಾತು ಹಾಕಿದ. ಕಾಲು ಗಂಟೆಯಲ್ಲಿ ಫೋನು.

"ಬ್ರದರ್, ಗಾಡಿ ನೋಡಿದೆ, ಚೆನ್ನಾಗಿ ಇಟ್ಕೊಂಡಿದ್ದೀರಿ. ರೇಟು ಚೌಕಾಸಿ ಮಾಡಲ್ಲ. ನಂದು ಮೈಸೂರು, ಇಲ್ಲಿ ಕಂಟ್ರಾಕ್ಟು ಕೆಲಸ. ಗಾಡಿ ನನಗಲ್ಲ, ನನ್ನ ಹತ್ತಿರ ಕೆಲಸ ಮಾಡೋ ಹುಡುಗನಿಗೆ. ಅವನಿಗೆ ಸ್ವಲ್ಪ ಬಾಕಿ ಕೊಡಬೇಕು, ಅದಕ್ಕೆ ಬದಲು ಗಾಡಿ ಕೊಡಿಸ್ತಿದ್ದೀನಿ. ಅವನಿಗೆ ನಾನು ಬೇರೆ ಲೆಕ್ಕ ಹೇಳಿದ್ದೀನಿ, ಅವನ ಎದುರಿಗೆ ಮಾತ್ರ ರೇಟು ಎತ್ತಬೇಡಿ. ಕೇಳಿದರೆ ನಾನು ನಿಮ್ಮಣ್ಣ ಅಂದುಬಿಡಿ, ಅಷ್ಟೇ."

ಚೌಕಾಸಿ ಇಲ್ಲದೆ ಪೂರ್ತಿ ರೇಟಿಗೆ ಒಪ್ಪಿದ ಗಿರಾಕಿ! ನಮ್ಮ ಹುಡುಗ ಹಿರಿಹಿರಿ ಹಿಗ್ಗಿದ. ಒಂದು ಸಣ್ಣ ಸುಳ್ಳು ತಾನೆ, ಹೇಳಿದರಾಯಿತು ಎಂದುಕೊಂಡ.

ಅದೇ ಹೊತ್ತಿಗೆ ಆ ಮಹಾಶಯ ಇನ್ನೊಂದು ಕೆಲಸ ಮಾಡಿದ್ದ. ಅದೇ ಕಾರಿನ ಅದೇ ಫೋಟೋಗಳನ್ನು ಎತ್ತಿಕೊಂಡು ಬೇರೆ ಹೆಸರಿನಲ್ಲಿ ಇನ್ನೊಂದು ಜಾಹೀರಾತು ಹಾಕಿದ್ದ. ರೇಟು 2,10,000. ಅಷ್ಟು ಕಡಿಮೆಗೆ ಯಾರು ಬರುವುದಿಲ್ಲ? ತಿಪಟೂರು ಕಡೆಯ ಅಪ್ಪ ಮಗ ಬಿದ್ದರು. ಕೊಬ್ಬರಿ ಮಾರಿದ ದುಡ್ಡು. ಅವರಿಗೆ ಇವನು ಹೇಳಿದ್ದು ಇನ್ನೊಂದು ಕಥೆ. "ಗಾಡಿ ನನ್ನ ತಮ್ಮನ ಹೆಸರಲ್ಲಿದೆ. ಅವನು ಮುಂಗೋಪಿ, ಅವನ ಹತ್ತಿರ ರೇಟಿನ ಮಾತು ತೆಗೀಬೇಡಿ. ಹೋಗಿ ಗಾಡಿ ನೋಡಿ, ಓಡಿಸಿ ನೋಡಿ. ಇಷ್ಟ ಆದರೆ ನನ್ನ ಅಕೌಂಟಿಗೆ ಹಾಕಿ. ಹೊಸ ಅಕೌಂಟಿಗೆ ಜಾಸ್ತಿ ದುಡ್ಡು ತಕ್ಷಣ ಹೋಗಲ್ಲ, ಇವತ್ತೇ ಸೇರಿಸಿಟ್ಟುಕೊಳ್ಳಿ." ನೋಡಿ, ಬ್ಯಾಂಕಿನಲ್ಲಿ ಕೂತ ನಮಗಿಂತ ಚೆನ್ನಾಗಿ ಬ್ಯಾಂಕಿನ ನಿಯಮ ಬಲ್ಲವನು!

ಭಾನುವಾರ ಬೆಳಿಗ್ಗೆ ಅಪ್ಪ ಮಗ ಬಂದರು. ಬಾನೆಟ್ ಎತ್ತಿ ನೋಡಿದರು, ಮಾಗಡಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದರು. ಇಷ್ಟವಾಯಿತು. ಯಜಮಾನರಿಗೆ ಏನೋ ಅನುಮಾನ. "ಫೋನಲ್ಲಿ ಮಾತಾಡಿದೋರು ನಿಮ್ಮಣ್ಣನೇ ಏನಪ್ಪಾ?" ಎಂದು ಕೇಳಿಯೂ ಕೇಳಿದರು. ನಮ್ಮವನು "ಹೌದು" ಎಂದ.

ಅಷ್ಟೇ. ಆ ಒಂದು "ಹೌದು" ಎರಡು ಲಕ್ಷದ ಹತ್ತು ಸಾವಿರ ರೂಪಾಯಿಯ ಮಾತಾಯಿತು.

ಮಗ ಮೊಬೈಲ್ ಒತ್ತಿದ. "ನೋಡಣ್ಣ, ಹೋಯ್ತು" ಎಂದು ತೋರಿಸಿದ. ಹೋಗಿತ್ತು, ನಿಜ, ಫೋನಿನವನ ಖಾತೆಗೆ. ನಮ್ಮವನು ಫೋನು ಮಾಡಿದರೆ "ಬಂತು ಬಂತು, ನಿಮ್ಮದು ಈಗಲೇ ಹಾಕ್ತೀನಿ" ಎಂದ. ಎರಡು ನಿಮಿಷಕ್ಕೆ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. 2,80,000, ಹಸಿರು ಟಿಕ್ಕು, ಉದ್ದನೆಯ ನಂಬರು. ಖಾತೆಯಲ್ಲಿ ಮಾತ್ರ ಏನೂ ಇಲ್ಲ. ಭಾನುವಾರ, ಸರ್ವರ್ ನಿಧಾನ ಇರಬೇಕು ಎಂದುಕೊಂಡು ಫಾರಂಗಳಿಗೆ ಸಹಿ ಹಾಕಿ ಕೀ ಕೊಟ್ಟುಬಿಟ್ಟ. ಅವರು ಹೊರಟು ಹತ್ತು ನಿಮಿಷಕ್ಕೆ ಆ ಫೋನ್ ಸ್ವಿಚ್ ಆಫ್. ಪಕ್ಕದ ಮನೆಯ ಹುಡುಗನ ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಹೋದ. ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಿತ್ತು.

ಆಮೇಲೆ ನಡೆದದ್ದು ಜಗಳ. ಇವರು ಕಳ್ಳರು ಎಂದು ನಮ್ಮವನು, ನೀನೂ ನಿನ್ನಣ್ಣನೂ ಸೇರಿ ಹೊಡೆದಿರಿ ಎಂದು ಅವರು. ಬೀದಿಯ ಜನ ಸೇರಿದರು, ಹೊರಗಿನವರು ನಮ್ಮ ಹುಡುಗನಿಗೆ ಮೋಸ ಮಾಡಿದರು ಎಂದು ಒಬ್ಬ ಕೈಯೆತ್ತಲೂ ಹೋದ. ಮೂರು ಗಂಟೆ ಹೀಗೇ ಹೋಯಿತು. ಮಧ್ಯಾಹ್ನ ನನಗೆ ಫೋನು ಬಂತು. "ಜಗಳ ಬಿಡಿ, ಮೊದಲು 1930ಕ್ಕೆ ಹೊಡೀರಿ" ಎಂದೆ. ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆಗಳಿಗೆ ಹಂಚಿಹೋಗಿ ಎಟಿಎಮ್ಮುಗಳಲ್ಲಿ ಆಚೆ ಬಂದಿತ್ತು. ತಡೆಹಿಡಿಯಲು ಸಿಕ್ಕಿದ್ದು 34 ಸಾವಿರ. ಅದೂ ಕೋರ್ಟಿನ ಆದೇಶವಾಗಿ ಆ ಹುಡುಗನ ಕೈಗೆ ಬರಲು ತಿಂಗಳುಗಳೇ ಹಿಡಿದವು.

ಕಾರು ನಮ್ಮವನಿಗೆ ವಾಪಸ್ ಸಿಕ್ಕಿತು. ಅವನ ಒಂದು ರೂಪಾಯಿಯೂ ಹೋಗಲಿಲ್ಲ. ಆದರೆ ಆವತ್ತು ಸಂಜೆ ಠಾಣೆಯಿಂದ ಬಂದ ಮೇಲೆ ಆ ಯಜಮಾನರು ನಮ್ಮ ಚಿಕ್ಕಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. ಲೋಟ ಜಗಲಿಯ ಮೇಲೆ ಹಾಗೇ ಆರಿತು. ಚಿಕ್ಕಮ್ಮ ಇವತ್ತಿಗೂ ಅದನ್ನೇ ಹೇಳುತ್ತಾರೆ.

ಈಗ ನಿಮಗೆ ಇರುಸುಮುರುಸಾಗುವ ಒಂದು ಮಾತು. ಅವನನ್ನು ಯಾಕೋ ನಂಬಿದೆ ಎಂದು ನಾನು ತಮ್ಮನನ್ನು ಕೇಳಿದೆ. "ಅಚ್ಚ ಕನ್ನಡ ಮಾತಾಡಿದ ಅಣ್ಣ. ಹಿಂದಿಯಲ್ಲಿ ಮಾತಾಡಿದ್ದಿದ್ದರೆ ಅನುಮಾನ ಪಡ್ತಿದ್ದೆ" ಎಂದ. ಗೆಳೆಯರೇ, ಕನ್ನಡ ಕೇಳಿದ ಕೂಡಲೇ ನಮಗೆ ಹೃದಯ ತುಂಬಿ ಬರುತ್ತದೆ, ಬರಲಿ. ಆದರೆ ಜೇಬಿನ ಗುಂಡಿ ಬಿಚ್ಚುವುದು ಬೇಡ. ಕಳ್ಳನಿಗೆ ಕನ್ನಡ ಬರುವುದಿಲ್ಲ ಎಂದು ಯಾವ ಶಾಸನದಲ್ಲಿ ಬರೆದಿದೆ? ಹಾಗೆಯೇ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪಟಪಟ ಮಾತಾಡುವವನ ಮುಂದೆ, ಅರ್ಥವಾಗಲಿಲ್ಲ ಎನ್ನಲು ಸಂಕೋಚಪಟ್ಟು "ಹಾಂ ಜೀ, ಹಾಂ ಜೀ" ಎನ್ನುವ ರೋಗವೂ ನಮ್ಮಲ್ಲಿದೆ. ಎರಡೂ ಒಂದೇ ರೋಗ. ಅದರ ಹೆಸರು ದಾಕ್ಷಿಣ್ಯ. ನಿಧಾನವಾಗಿ ಹೇಳಿ, ಕನ್ನಡದಲ್ಲಿ ಹೇಳಿ, ಇನ್ನೊಂದು ಸಲ ಹೇಳಿ ಎನ್ನಿ. ನಿಜವಾದ ಗಿರಾಕಿ ಹೇಳುತ್ತಾನೆ. ಮೋಸಗಾರ ಫೋನ್ ಇಡುತ್ತಾನೆ, ಇಡಲಿ ಬಿಡಿ.

ನನ್ನ ತಮ್ಮ ಎಡವಿದ್ದೆಲ್ಲಿ? ಕಾರು ನೋಡುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ, ಇಬ್ಬರೂ ಪರಸ್ಪರ ರೇಟು ಮಾತಾಡಕೂಡದು ಎಂಬ ಶರತ್ತು ಬೇರೆ. ಅಲ್ಲಿಗೇ ಎದ್ದು ಬರಬೇಕಿತ್ತು. ಮನೆ ಬಾಗಿಲಿಗೆ ಬಂದವರನ್ನು ಕೂರಿಸಿ ನೀರು ಕೊಟ್ಟು, "ನಿಮಗೆ ಎಷ್ಟು ಅಂತ ಹೇಳಿದ್ದಾರೆ? ನಾನು ಹೇಳಿದ್ದು ಇಷ್ಟು" ಎಂದು ಮುಖಾಮುಖಿ ಕೇಳಿದ್ದರೆ ಆ ನಾಟಕ ಅರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಯಾರೋ ಹೇಳಿಕೊಟ್ಟ ಸುಳ್ಳನ್ನು ನೀವು ನಿಮ್ಮ ಬಾಯಲ್ಲಿ ಹೇಳಲು ಒಪ್ಪಿದಿರೋ, ಆಗ ನೀವೂ ಅವನ ಕೈಯ ಗೊಂಬೆ. ಪೊಲೀಸರು ಮೊದಲು ಪ್ರಶ್ನೆ ಕೇಳುವುದೂ ನಿಮ್ಮನ್ನೇ, ಅವನಿಗೆ ಮುಖವೇ ಇಲ್ಲವಲ್ಲ!

ಇದು ದೊಡ್ಡ ಮೋಸ. ಚಿಲ್ಲರೆ ಮೋಸಗಳು ಬೇರೆ ಇವೆ. ಸೈನಿಕನ ವೇಷದ್ದು ನೀವೆಲ್ಲ ಕೇಳಿರುತ್ತೀರಿ. "ನಾನು ಆರ್ಮಿಯವನು, ಟ್ರಾನ್ಸ್‌ಫರ್ ಆಗಿದೆ, ಗಾಡಿ ನೋಡಲು ಬರಲಾಗುವುದಿಲ್ಲ, ಅಡ್ವಾನ್ಸ್ ಈಗಲೇ ಹಾಕ್ತೀನಿ" ಎಂದು ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಕಳಿಸುತ್ತಾನೆ. ಮೊದಲು ಐದು ರೂಪಾಯಿ ನಿಜವಾಗಿಯೇ ಹಾಕುತ್ತಾನೆ. ಆಮೇಲೆ ಒಂದು ಕ್ಯೂಆರ್ ಚಿತ್ರ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ" ಎನ್ನುತ್ತಾನೆ. ಒತ್ತಿದರೆ ಬರುವುದಿಲ್ಲ, ಹೋಗುತ್ತದೆ. ದುಡ್ಡು ಪಡೆಯಲು ಪಿನ್ ಎಂದೂ ಬೇಡ, ಸ್ಕ್ಯಾನ್ ಎಂದೂ ಬೇಡ. ಅಂಗಡಿಗೆ ಹೋದಾಗ ಸ್ಕ್ಯಾನ್ ಮಾಡುವವರು ನೀವು, ದುಡ್ಡು ಹೋಗುವುದು ಯಾರಿಗೆ? ಅಂಗಡಿಯವನಿಗೆ ತಾನೆ? ಇಷ್ಟು ನೆನಪಿದ್ದರೆ ಸಾಕು. ಒಬ್ಬರು ಇನ್ನೊಬ್ಬರಿಂದ ಯುಪಿಐನಲ್ಲಿ ಹಣ ಕೇಳಿ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಅದು ಒಳ್ಳೆಯದಾಯಿತು. ಕ್ಯೂಆರ್ ಚಿತ್ರ ಮಾತ್ರ ಇದ್ದೇ ಇದೆ.

"ತಪ್ಪಿ ಜಾಸ್ತಿ ಹಾಕಿಬಿಟ್ಟೆ" ಎನ್ನುವುದು ಇನ್ನೊಂದು. ಐದು ಸಾವಿರ ಟೋಕನ್ ಮಾತಾಗಿರುತ್ತದೆ. ನಿಮ್ಮ ಮೊಬೈಲಿಗೆ 50,000 ಜಮೆ ಎಂದು ಎಸ್ಸೆಮ್ಮೆಸ್ ಬರುತ್ತದೆ. ಆ ಕಡೆಯಿಂದ ಅಳು. "ಸಾರ್, ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಮಿಕ್ಕಿದ್ದು ವಾಪಸ್ ಹಾಕಿ." ನಿಮ್ಮ ಮನಸ್ಸು ಕರಗುತ್ತದೆ. ಕರಗುವ ಮುಂಚೆ ಎಸ್ಸೆಮ್ಮೆಸ್ ಎಲ್ಲಿಂದ ಬಂತು ನೋಡಿ. ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ, ಅವನೇ ಟೈಪ್ ಮಾಡಿದ್ದು. ಬ್ಯಾಂಕಿನ ಹೆಸರಿನಿಂದಲೇ ಬಂದ ಹಾಗೆ ಕಂಡರೂ ಎಸ್ಸೆಮ್ಮೆಸ್ ನಂಬಬೇಡಿ. ನಿಮ್ಮ ಆ್ಯಪನ್ನು ನೀವೇ ತೆರೆದು ಸ್ಟೇಟ್‌ಮೆಂಟ್ ನೋಡಿ.

ಹಣ ಹೋಯಿತೆಂದು ಹಸಿರು ಬಣ್ಣ ತೋರಿಸುವ ಡಮ್ಮಿ ಆ್ಯಪುಗಳೂ ಇವೆ. ನೋಡಲು ಥೇಟ್ ಅಸಲಿನಂತೆ. ನಿಮ್ಮ ಹೆಸರು, ಮೊತ್ತ, ದಿನಾಂಕ, ಟಿಣ್ ಎಂಬ ಸದ್ದು ಕೂಡ. ಆದ್ದರಿಂದ ಎದುರಿಗೆ ಕೂತವನ ಮೊಬೈಲನ್ನು ನೋಡುವುದೇ ಬೇಡ. ಅವನ ಪರದೆಯ ಮೇಲೆ ಏನಿದೆ ಎಂಬುದು ನಿಮಗೆ ಸಂಬಂಧಪಡದ ಸಂಗತಿ. ವಾಟ್ಸಾಪಿನಲ್ಲಿ "ನಿಮ್ಮ ಗಾಡಿ ಮೇಲೆ ಚಲನ್ ಬಾಕಿ ಇದೆ, ಇದನ್ನು ಇನ್‌ಸ್ಟಾಲ್ ಮಾಡಿ ನೋಡಿ" ಎಂದು ಫೈಲು ಕಳಿಸಿದರೆ ಮುಟ್ಟಬೇಡಿ. ಅದು ಒಳಗೆ ಹೊಕ್ಕರೆ ನಿಮ್ಮ ಓಟಿಪಿಗಳೆಲ್ಲ ಅವನ ಮನೆಗೆ ಹೋಗುತ್ತವೆ.

ಇನ್ನು ನನ್ನ ಕಸುಬಿನ ಮಾತು. ಶನಿವಾರ ಸಂಜೆ ಡಿಡಿ ಹಿಡಿದು ಬರುತ್ತಾರೆ. "ಬ್ಯಾಂಕ್ ಮುಚ್ಚಿದೆ ಸಾರ್, ಡಿಡಿ ಅಂದ್ರೆ ಕ್ಯಾಶ್ ಇದ್ದ ಹಾಗೆ, ಸೋಮವಾರ ಹಾಕ್ಕೊಳ್ಳಿ, ಗಾಡಿ ಇವತ್ತು ಬೇಕು, ನಾಳೆ ಧರ್ಮಸ್ಥಳಕ್ಕೆ ಹೋಗಬೇಕು." ಸೋಮವಾರ ನೀವು ನನ್ನ ಕೌಂಟರಿಗೆ ಬರುತ್ತೀರಿ. ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ನಕಲಿ. ನಿಮ್ಮ ಮುಖ ನಾನು ನೋಡಬೇಕು, ನನ್ನ ಮುಖ ನೀವು ನೋಡಬೇಕು. ಈ ಕೆಲಸ ನನಗೆ ಬೇಡಪ್ಪ. ಡಿಡಿಯೇ ತೆಗೆದುಕೊಳ್ಳುವುದಾದರೆ ಬ್ಯಾಂಕ್ ತೆರೆದಿರುವ ದಿನ, ಅದನ್ನು ಕೊಟ್ಟ ಶಾಖೆಗೇ ಇಬ್ಬರೂ ಹೋಗಿ. 2018ರ ಸೆಪ್ಟೆಂಬರಿನಿಂದ ಡಿಡಿಯ ಮೇಲೆ ಅದನ್ನು ಕೊಂಡವರ ಹೆಸರು ಅಚ್ಚಾಗಿರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಹೆಸರೂ ಎದುರಿಗಿರುವವನ ಹೆಸರೂ ಒಂದೇ ಇದೆಯೇ ನೋಡಿ. ಹಾಗೆಂದು ಹೆಸರಿದ್ದರೆ ಅಸಲಿ ಎಂದು ತಿಳಿಯಬೇಡಿ, ಹೆಸರು ಅಚ್ಚು ಹಾಕುವುದೇನು ಕಷ್ಟ? ಶಾಖೆಗೆ ಫೋನು ಮಾಡುವುದಾದರೂ ಆ ಡಿಡಿಯ ಮೇಲಿರುವ ನಂಬರಿಗೆ ಮಾಡಬೇಡಿ. ಅದು ಅವನ ಗೆಳೆಯನದಿರಬಹುದು.

ಅಸಲಿಗೆ "ಇವತ್ತು ಬ್ಯಾಂಕ್ ಇಲ್ಲ" ಎಂಬ ನೆಪವೇ ಸತ್ತು ವರ್ಷಗಳಾದವು. 2019ರ ಡಿಸೆಂಬರಿನಿಂದ ನೆಫ್ಟ್, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್, ಎರಡೂ ದಿನದ 24 ಗಂಟೆ, ವರ್ಷದ ಎಲ್ಲ ದಿನ ಓಡುತ್ತವೆ. ಭಾನುವಾರವೂ ಯುಗಾದಿಯೂ ಲೆಕ್ಕಕ್ಕಿಲ್ಲ. ಎರಡು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಆರ್‌ಟಿಜಿಎಸ್, ಐದು ಲಕ್ಷದವರೆಗೆ ಐಎಂಪಿಎಸ್. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷ. ಅನೇಕ ಬ್ಯಾಂಕುಗಳು ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಬಿಡುವುದಿಲ್ಲ. ಹಾಗಾಗಿ ನಿಜವಾದ ಗಿರಾಕಿಗೆ ನಿಮ್ಮ ಖಾತೆ ನಂಬರನ್ನು ಹಿಂದಿನ ದಿನವೇ ಕೊಡಿ. ಖಾತೆ ನಂಬರು, ಐಎಫ್‌ಎಸ್‌ಸಿ ಕೊಟ್ಟ ಮಾತ್ರಕ್ಕೆ ಯಾರೂ ನಿಮ್ಮ ದುಡ್ಡು ಎಳೆದುಕೊಳ್ಳಲಾಗುವುದಿಲ್ಲ. ಪಿನ್, ಓಟಿಪಿ, ಕಾರ್ಡಿನ ಹಿಂದಿನ ಮೂರಂಕಿ ಮಾತ್ರ ದೇವರಿಗೂ ಹೇಳಬೇಡಿ.

ಚೆಕ್ಕಿನ ಬಗ್ಗೆ ಎರಡೇ ಮಾತು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ತೀರುವಳಿ ಬೇಗ ಆಗುತ್ತಿದೆ. ಆದ್ದರಿಂದ ಚೆಕ್ ಪಾಸಾಗುವವರೆಗೆ ಗಾಡಿ ನಿಮ್ಮ ಮನೆ ಮುಂದೆಯೇ ನಿಂತಿರಲಿ, ಗಿರಾಕಿಗೆ ಅದರಿಂದ ದೊಡ್ಡ ತೊಂದರೆಯೇನೂ ಇಲ್ಲ. ಬೌನ್ಸ್ ಆದರೆ 138ನೇ ಸೆಕ್ಷನ್ ಇದೆಯಲ್ಲ ಎನ್ನುತ್ತೀರಿ. ಇದೆ. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು, ಅವನಿಗೆ 15 ದಿನ ಕಾಲಾವಕಾಶ, ಆಮೇಲೆ ಒಂದು ತಿಂಗಳೊಳಗೆ ಕೋರ್ಟು. ಆದರೆ ವಿಳಾಸವೇ ಸುಳ್ಳಾದವನಿಗೆ ನೋಟಿಸು ಎಲ್ಲಿ ಅಂಟಿಸುತ್ತೀರಿ?

ನಗದು ಕೊಡುತ್ತೇನೆ ಎಂದರೆ ಹಿರಿಯರು ಖುಷಿಪಡುತ್ತಾರೆ, ಕಣ್ಣಿಗೆ ಕಾಣುತ್ತದಲ್ಲ. ಆದರೆ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ನಿಷೇಧಿಸಿದೆ. ದಂಡ ಬೀಳುವುದು ತೆಗೆದುಕೊಂಡವರ ಮೇಲೆ, ಅಂದರೆ ನಿಮ್ಮ ಮೇಲೆ, ಅದೂ ತೆಗೆದುಕೊಂಡಷ್ಟೇ ಮೊತ್ತದವರೆಗೆ. ಅದಕ್ಕಿಂತ ಕಡಿಮೆಯಾದರೆ ಬ್ಯಾಂಕಿನಲ್ಲೇ ತೆಗೆದುಕೊಳ್ಳಿ. ನಮ್ಮ ಮಿಷನ್ ಎಣಿಸುತ್ತದೆ, ಖೋಟಾ ನೋಟನ್ನೂ ಹಿಡಿಯುತ್ತದೆ, ಅಲ್ಲೇ ನಿಮ್ಮ ಖಾತೆಗೆ ಕಟ್ಟಿಬಿಡಿ. ಕಟ್ಟುವ ಚೀಟಿಯನ್ನು ಕನ್ನಡದಲ್ಲಿ ತುಂಬಿ. ಚೀಟಿ ಪಾಸ್‌ಬುಕ್ಕುಗಳಲ್ಲಿ ಆಯಾ ರಾಜ್ಯದ ಭಾಷೆಯೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇಲ್ಲದಿದ್ದರೆ ಮ್ಯಾನೇಜರನ್ನು ಕೇಳಿ, ನಾನು ಹೇಳಿದೆ ಎಂದು ಮಾತ್ರ ಹೇಳಬೇಡಿ!

ಇಷ್ಟೆಲ್ಲ ಮಾಡಿ ದುಡ್ಡು ಖಾತೆಗೆ ಬಂತು, ಸರಿ. ಅದು ಯಾರ ಹೆಸರಿನಿಂದ ಬಂತು ನೋಡಿದಿರಾ? ಹೆಚ್ಚಿನವರು ನೋಡುವುದಿಲ್ಲ. ಇನ್ನೆಲ್ಲೋ ಯಾರನ್ನೋ ಸುಲಿದ ಹಣವನ್ನು ಕಳ್ಳ ನೇರ ನಿಮ್ಮ ಖಾತೆಗೆ ಹಾಕಿಸಿ ಕಾರು ಒಯ್ಯಬಹುದು. ಆ ಸುಲಿಗೆಗೊಳಗಾದವರು ದೂರು ಕೊಟ್ಟ ಕೂಡಲೇ ಪೊಲೀಸರ ಸೂಚನೆಯಂತೆ ನಿಮ್ಮ ಖಾತೆಗೆ ತಡೆ ಬೀಳುತ್ತದೆ. ಸಂಬಳ ಬಂದರೂ ತೆಗೆಯಲಾಗುವುದಿಲ್ಲ, ಇಎಂಐ ಬೌನ್ಸ್. ನನ್ನ ಕೌಂಟರಿಗೆ ಹೀಗೆ ಬಂದ ಹುಡುಗನೊಬ್ಬ, ಏನೂ ತಪ್ಪು ಮಾಡದವನು, ಬೇರೆ ರಾಜ್ಯದ ಠಾಣೆಗೆ ಪತ್ರ ಬರೆದು ಬರೆದು ಸುಸ್ತಾಗಿದ್ದ. ಅವನನ್ನು ಕಡೆಗೆ ಕಾಪಾಡಿದ್ದು ಒಂದು ಛಾಪಾ ಕಾಗದ. ಮಾರಾಟದ ಕರಾರು, ಕೊಂಡವನ ಆಧಾರ್ ಪ್ರತಿ, ದಿನಾಂಕ, ಮೊತ್ತ, ಸಾಕ್ಷಿ ಸಹಿ ಎಲ್ಲ ಇಟ್ಟಿದ್ದ. ಆದ್ದರಿಂದ ಕಾರು ಯಾರ ಹೆಸರಿಗೆ ಹೋಗುತ್ತದೋ ಅವರ ಖಾತೆಯಿಂದಲೇ ಹಣ ಬರಲಿ. ಭಾವ ಹಾಕ್ತಾರೆ, ಫ್ರೆಂಡ್ ಹಾಕ್ತಾನೆ ಎಂದರೆ, ಅವರು ಹಾಕುವುದು ನಿಮಗೇ ಹಾಕಲಿ, ನೀವು ನಮಗೆ ಹಾಕಿ ಎನ್ನಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಕಾಗದ ಪತ್ರದ ಮಾತು ಬಂತು. ಫಾರಂ 29, ಫಾರಂ 30 ಇವು ನಿಮ್ಮ ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ಮಾಡುವ ಫಾರಂಗಳು. ಖಾಲಿ ಫಾರಂಗೆ ಸಹಿ ಹಾಕಿ ಕೊಡುವ ಕೆಟ್ಟ ಚಾಳಿ ನಮ್ಮಲ್ಲಿದೆ. ಕೊಂಡವರ ಹೆಸರು, ವಿಳಾಸ, ದಿನಾಂಕ ತುಂಬದೆ ಪೆನ್ನು ತೆಗೆಯಬೇಡಿ, ಖಾತೆಗೆ ಹಣ ಬರುವ ಮುಂಚೆಯಂತೂ ಬೇಡವೇ ಬೇಡ. ವರ್ಗಾವಣೆಗೆ ನಿಮ್ಮ ಮೊಬೈಲಿಗೆ ಓಟಿಪಿ ಬಂದರೆ ಅದೂ ಸಹಿಯೇ, ಫೋನಿನಲ್ಲಿ ಓದಿ ಹೇಳುವ ಸಂಗತಿಯಲ್ಲ. ಹೊರ ರಾಜ್ಯದ ಗಿರಾಕಿಯಾದರೆ ಎನ್‌ಓಸಿಗೆ ಫಾರಂ 28 ಬೇಕು. ಸಾಲ ಇದ್ದರೆ ಮೊದಲು ಸಾಲ ತೀರಿಸಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ.

ದುಡ್ಡು ಬಂತಲ್ಲ, ಇನ್ನು ಅವನ ಪಾಡು ಅವನಿಗೆ ಎನ್ನುವ ಹಾಗಿಲ್ಲ. ಮಾರಾಟವಾದ 14 ದಿನದೊಳಗೆ ಆರ್‌ಟಿಓಗೆ ತಿಳಿಸುವುದು ಮಾರಿದವರ ಕರ್ತವ್ಯ, ಮೋಟಾರು ವಾಹನ ಕಾಯಿದೆಯ ಮಾತು. ತಿಳಿಸದಿದ್ದರೆ? ಒಂದು ಕಾರು ಮೂರು ನಾಲ್ಕು ಕೈ ಬದಲಾಗಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಉಳಿದಿತ್ತು. ಅಪಘಾತವಾಯಿತು. ಪರಿಹಾರ ಕೊಡಬೇಕಾದವನು ಆರ್‌ಸಿಯಲ್ಲಿ ಹೆಸರಿರುವವನೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರಿ ವರ್ಷಗಳಾದ ಕಾರಿಗೆ! ಹಾಗಾಗಿ ಕೀ ಕೊಡುವಾಗ ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ಬರೆದು ಸಹಿ ಮಾಡಿಸಿಕೊಳ್ಳಿ. ಆ ಗಂಟೆಯ ನಂತರದ ಚಲನ್ ಅವರದು. ಫಾಸ್ಟ್ಯಾಗ್ ಕಿತ್ತು, ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಇಲ್ಲವಾದರೆ ಅವರು ನೆಲಮಂಗಲ ಟೋಲ್ ದಾಟಿದಾಗಲೆಲ್ಲ ನಿಮ್ಮ ಜೇಬು ಕಡಿಯುತ್ತದೆ. ಡೀಲರಿಗೆ ಮಾರುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅವನು ಅಧಿಕೃತ ಡೀಲರೇ ಎಂದು ಕೇಳಿ ಫಾರಂ 29ಸಿ ಹಾಕಿಸಿ. ಆಮೇಲಿನ ಹೊಣೆ ಅವನದು.

ಟೆಸ್ಟ್ ಡ್ರೈವಿಗೆ ಒಬ್ಬನನ್ನೇ ಕಳಿಸಬೇಡಿ, ಇದನ್ನು ಹೇಳಬೇಕೇ?

ಮೋಸ ಆಗಿಯೇ ಹೋದರೆ? ಅಳುವುದು, ಜಗಳ, ಮನೆಯವರಿಂದ ಮುಚ್ಚಿಡುವುದು ಎಲ್ಲ ಆಮೇಲೆ. ಮೊದಲು 1930. ಇದು ಸೈಬರ್ ವಂಚನೆಯ ಸಹಾಯವಾಣಿ. ನೀವು ಬೇಗ ಹೇಳಿದಷ್ಟೂ ಹಣ ಖಾತೆಯಿಂದ ಖಾತೆಗೆ ಓಡುವ ಮೊದಲು ನಡುವೆ ಎಲ್ಲಾದರೂ ತಡೆಹಿಡಿಯುವ ಅವಕಾಶ ಹೆಚ್ಚು. ನಮ್ಮ ತಮ್ಮನ ಮೂರು ಗಂಟೆ ನೆನಪಿರಲಿ. ಕೈಯಲ್ಲಿ ಇರಬೇಕಾದದ್ದು ಹಣ ಹೋದ ಖಾತೆಯ ವಿವರ, ವಹಿವಾಟಿನ ನಂಬರು, ಸಮಯ. ನಂತರ ನಿಮ್ಮ ಬ್ಯಾಂಕು, ಹತ್ತಿರದ ಠಾಣೆ ಅಥವಾ ಸೆನ್ ಠಾಣೆ. ದೂರನ್ನು ಕನ್ನಡದಲ್ಲೇ ಬರೆಯಿರಿ. ನಿಮಗೆ ಏನಾಯಿತು ಎಂಬುದು ನಿಮ್ಮ ಭಾಷೆಯಲ್ಲಿ ಬರೆದಷ್ಟು ಸ್ಪಷ್ಟವಾಗಿ ಇನ್ನೊಂದರಲ್ಲಿ ಬರುವುದಿಲ್ಲ. ಬಿಟ್ಟುಹೋದ ಒಂದು ಸಾಲಿನಿಂದ ಕೇಸು ಸಡಿಲವಾದದ್ದನ್ನು ನೋಡಿದ್ದೇನೆ. ವಾಟ್ಸಾಪ್ ಮಾತುಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಅದೇ ಸಾಕ್ಷಿ.

ತಮ್ಮನ ಕಾರು ಕಡೆಗೂ ಮಾರಾಟವಾಯಿತು. ಎರಡು ತಿಂಗಳ ಮೇಲೆ ಕನಕಪುರದ ಒಬ್ಬ ಮೇಷ್ಟ್ರು ಬಂದರು. ಚೆನ್ನಾಗಿ ಚೌಕಾಸಿ ಮಾಡಿ 2,55,000ಕ್ಕೆ ಇಳಿಸಿದರು. ನಾನೇ ಇಬ್ಬರನ್ನೂ ನಮ್ಮ ಶಾಖೆಗೆ ಬರಹೇಳಿದೆ. ಬೆಂಚಿನ ಮೇಲೆ ಕೂತು ಆರ್‌ಟಿಜಿಎಸ್ ಮಾಡಿದರು. ತಮ್ಮನ ಕೈ ನಡುಗುತ್ತಿತ್ತು. ಮೇಷ್ಟ್ರು "ಇಗೋ, ಹೋಯ್ತು ನೋಡಪ್ಪ" ಎಂದು ಫೋನು ಮುಂದೆ ಹಿಡಿದರು. ಇವನು ಕತ್ತು ಅತ್ತ ತಿರುಗಿಸಿ, "ಬೇಜಾರು ಮಾಡ್ಕೋಬೇಡಿ ಸಾರ್, ನಂದರಲ್ಲಿ ಬರಲಿ" ಎಂದ. ಮೇಷ್ಟ್ರು ನಕ್ಕು, "ಸರಿ, ಕಾಯೋಣ" ಎಂದು ಕೈಕಟ್ಟಿ ಕೂತರು. ಇಪ್ಪತ್ತು ನಿಮಿಷ. ಎದುರಿನ ದರ್ಶಿನಿಯಿಂದ ಕಾಫಿ ತರಿಸಿದೆ. ಕುಡಿದು ಮುಗಿಸುವ ಹೊತ್ತಿಗೆ ಇವನ ಖಾತೆಗೆ ಬಂತು, ಮೇಷ್ಟ್ರ ಹೆಸರಿನಲ್ಲೇ. ನಾನೂ ನನ್ನ ಕಂಪ್ಯೂಟರಿನಲ್ಲಿ ನೋಡಿ ತಲೆಯಾಡಿಸಿದೆ. ಆಮೇಲೆ ಜೇಬಿನಿಂದ ಕೀ ತೆಗೆದ.